ಅಪ್ಪ ಅಮ್ಮ ಐರ್ಲೆಂಡಿಗೆ ಬರ್ತಿದಾರೆ, ಲೇಕ್ ಪಕ್ಕ ನಡೆಯೋಕೆ ಯಾವ ಜಾಗ ಒಳ್ಳೇದು? ಹಳೇ ಕಟ್ಟಡನೂ ಇರ್ಬೇಕು

ಸುಸ್ತಾದ ಮಗ:
ಎಲ್ರಿಗೂ ನಮಸ್ಕಾರ. ನಾನಿರೋದು ಡಬ್ಲಿನ್‌ನಲ್ಲಿ. ಮೇ ಕೊನೇಲಿ ಅಪ್ಪ ಅಮ್ಮ ಮೈಸೂರಿಂದ ಬರ್ತಿದಾರೆ, ಜೂನ್ ಪೂರ್ತಿ ಇರ್ತಾರೆ. ಅಪ್ಪ ರಿಟೈರ್ಡ್ ಹೈಸ್ಕೂಲ್ ಮೇಷ್ಟ್ರು, ಎಲ್ಲಿಗೆ ಹೋದ್ರೂ ಯಾರು ಕಟ್ಟಿಸಿದ್ದು, ಯಾವ ಕಾಲದ್ದು, ಯಾರು ಕೆಡವಿದ್ದು ಅಂತ ಕೇಳೋ ಪೈಕಿ. ಅಮ್ಮಂಗೆ ನೀರು, ಮರ ಕಂಡ್ರೆ ಸಾಕು, ಆದ್ರೆ ಮಂಡಿ ನೋವಿದೆ, ಇಳಿಯೋವಾಗ ಜಾಸ್ತಿ. ಟೂರ್ ಬಸ್ಸಲ್ಲಿ ಕೂತು ಒಂದೇ ದಿನ ನಾಲ್ಕು ಜಾಗ ನೋಡಿ ಹತ್ತತ್ತು ನಿಮಿಷ ಫೋಟೋ ಹೊಡ್ಕೊಂಡು ಬರೋದು ಇಬ್ಬರಿಗೂ ಇಷ್ಟ ಇಲ್ಲ. ನನ್ ಹತ್ರ ಕಾರಿಲ್ಲ, ಬೇಕಾದ್ರೆ ಒಂದೆರಡು ದಿನಕ್ಕೆ ಬಾಡಿಗೆ ತಗೋಬಹುದು. ಲೇಕ್ ಪಕ್ಕ ಆರಾಮಾಗಿ ನಡೀಬೇಕು, ದಾರೀಲಿ ಒಂದು ಹಳೇ ಕಟ್ಟಡ ಸಿಗ್ಬೇಕು. ಎಲ್ಲಿ?

ಚಾರಣಿಗ77:
ಗ್ಲೆಂಡಲಾಕ್, ಡಬ್ಲಿನ್‌ನಿಂದ ದಕ್ಷಿಣಕ್ಕೆ ವಿಕ್ಲೋ ಬೆಟ್ಟಗಳ ನಡುವಿನ ಕಣಿವೆ. ಯೋಚ್ನೆ ಮಾಡೋದೇನಿದೆ. ಅಲ್ಲಿನ ಸ್ಪಿಂಕ್ ಗುಡ್ಡ ಹತ್ತಿಸಿ, ಮೇಲಿಂದ ಅಪ್ಪರ್ ಲೇಕ್ ನೋಡಿದ್ರೆ ಜನ್ಮ ಪಾವನ.

ನಿದ್ದೆಗೆಟ್ಟ ನರ್ಸ್:
ಮಂಡಿ ನೋವು ಅಂತ ಬರ್ದಿರೋದು ಓದಿದ್ರಾ ಸ್ವಾಮಿ?

ಚಾರಣಿಗ77:
ಓದ್ದೆ ಮೇಡಂ. ಸ್ಪಿಂಕ್ ಏನ್ ಹಿಮಾಲಯನಾ, ಮರದ ಮೆಟ್ಲು ಹಾಕಿದಾರೆ, ರೈಲ್ವೆ ಸ್ಲೀಪರ್ ಹಾಸಿದಾರೆ. ಎಪ್ಪತ್ತು ದಾಟಿದ ಐರಿಷ್ ಅಜ್ಜೀರು ಕೋಲು ಊರ್ಕೊಂಡು ನನ್ನನ್ನೇ ಓವರ್‌ಟೇಕ್ ಮಾಡ್ಕೊಂಡು ಹೋಗ್ತಾರೆ.

ಸುಸ್ತಾದ ಮಗ:
ಅಮ್ಮ ಚಾಮುಂಡಿ ಬೆಟ್ಟದ ಮೆಟ್ಲು ಹತ್ತಿದವ್ರೇ, ಆದ್ರೆ ಅದು ಹಳೇ ಕಥೆ. ಈಗ ನಂದಿ ತನಕ ಕಾರಲ್ಲೇ ಹೋಗಿ ಕೈ ಮುಗಿದು ಬರ್ತಾರೆ.

ನಿದ್ದೆಗೆಟ್ಟ ನರ್ಸ್:
ಹಾಗಾದ್ರೆ ಸ್ಪಿಂಕ್ ಬೇಡ. 600ಕ್ಕೂ ಹೆಚ್ಚು ಮೆಟ್ಲು, ಅದೂ ಶುರುವಲ್ಲೇ ಒಟ್ಟೊಟ್ಟಿಗೆ ಬರುತ್ತೆ. ಆಮೇಲೆ ಗುಡ್ಡದ ನೆತ್ತಿ ಮೇಲೆ ಹಲಗೆ ದಾರಿ, ಅಲ್ಲಿಂದ ಕಣಿವೆಯ ಆ ತುದಿಗೆ ಇಳಿಯೋದು ಪೂರಾ ಕಲ್ಲು. ಇವರಮ್ಮಂಗೆ ಕಷ್ಟ ಆಗೋದೇ ಇಳಿಯೋದು ಅಂತ ಹೇಳಿದಾರಲ್ಲ. ಸುತ್ತು ಒಟ್ಟು ಒಂಬತ್ತು ಹತ್ತು ಕಿಲೋಮೀಟರ್ ಆಗುತ್ತೆ.

ಗ್ಲೆಂಡಲಾಕ್‌ಗೆ ಹೋಗಿ, ಆದ್ರೆ ಕೆಳಗಡೆ ದಾರಿ ಹಿಡೀರಿ. ಹಳೇ ಕ್ರೈಸ್ತ ಮಠದಿಂದ ಹೊರಟು ಲೋಯರ್ ಲೇಕ್ ಪಕ್ಕದ ಗ್ರೀನ್ ರೋಡ್‌ನಲ್ಲಿ ಅಪ್ಪರ್ ಲೇಕ್ ತನಕ ಸಮತಟ್ಟು ದಾರಿ, ಗಾಲಿಕುರ್ಚಿ ತಳ್ಕೊಂಡು ಹೋಗೋರನ್ನೂ ನೋಡಿದೀನಿ. ಅಲ್ಲಿಂದ ಅಮ್ಮಂಗೆ ಉತ್ಸಾಹ ಇದ್ರೆ ಅಪ್ಪರ್ ಲೇಕ್ ಬಲಗಡೆ ದಂಡೆ ಹಿಡಿದು ಹಳೇ ಗಣಿ ಹಳ್ಳಿವರೆಗೆ ಹೋಗಿ ಅದೇ ದಾರೀಲಿ ವಾಪಸ್ ಬರಬಹುದು. ಸೀಸದ ಗಣಿ ಇದ್ದ ಜಾಗ, ಈಗ ಮುರುಕು ಗೋಡೆ, ಕಲ್ಲಿನ ರಾಶಿ, ತುಕ್ಕು ಹಿಡಿದ ಯಂತ್ರ. ಆ ಸುತ್ತಿನ ಕಣಿವೆಗಳಲ್ಲಿ ಗಣಿ ಕೆಲ್ಸ 1950ರ ದಶಕದವರೆಗೂ ನಡೀತಿತ್ತು. ಅಪ್ಪ ಇನ್ನೂ ಜೋರಾಗಿದ್ರೆ ಅವ್ರನ್ನ ಒಬ್ರನ್ನೇ ಪೌಲನಾಸ್ ಜಲಪಾತದ ಕಡೆ ಹತ್ತೋಕೆ ಬಿಡಿ, ಅಮ್ಮ ಲೇಕ್ ಮುಂದೆ ಬೆಂಚ್ ಮೇಲೆ ಕೂತಿರ್ಲಿ. ಎಲ್ರೂ ಎಲ್ಲಾನೂ ಹತ್ತಲೇಬೇಕು ಅಂತ ಎಲ್ಲಿ ಬರ್ದಿದೆ?

ಧಾರವಾಡದಾಂವ:
ಅಲ್ರೀ, ಶನಿವಾರ ರವಿವಾರ ಮಾತ್ರ ಅಲ್ಲಿಗ್ ಹೋಗಬ್ಯಾಡ್ರಿ. ಜೂನ್ ತಿಂಗಳದಾಗ ಬಿಸಿಲ್ ಬಿತ್ತಂದ್ರ ಅರ್ಧಾ ಡಬ್ಲಿನ್ ಅಲ್ಲೇ ಬಂದ್ ಕುಂತಿರ್ತದ. ಕಾರ್ ನಿಲ್ಸಾಕ ಜಾಗಾ ಸಿಗೂದಿಲ್ಲ, ರಸ್ತೆ ಬಾಜೂಕ ನಿಲ್ಸಿದ್ರ ದಂಡ. ವಾರದ ನಡಬರಕ ಹೋಗ್ರಿ, ಮುಂಜಾನೆ ಹತ್ತರೊಳಗ ಮುಟ್ರಿ. ಕಾರ್ ಇಲ್ಲ ಅಂತೀರಿ, ಸ್ಟೀಫನ್ಸ್ ಗ್ರೀನ್‌ನಿಂದ ಸೇಂಟ್ ಕೆವಿನ್ಸ್ ಬಸ್ ಹೋಗ್ತದ, ಆದ್ರ ತಾಸಿಗೊಂದು ಬಸ್ ಅಂತ ತಿಳ್ಕೊಬ್ಯಾಡ್ರಿ, ವಾಪಸ್ ಬರೂ ಟೈಮ್ ಮದಲ ನೋಡ್ಕೊಂಡ್ ಹತ್ರಿ.

ಕಾರ್ಕ್ ಕಾಫಿ:
ಕಾರಿಲ್ಲ ಅಂದ್ರೆ ಕಿಲ್ಲಾರ್ನಿಗೆ ಸಮ ಯಾವ್ದೂ ಇಲ್ಲ ಅಂತ ನನ್ ವಾದ. ಡಬ್ಲಿನ್ ಹ್ಯೂಸ್ಟನ್‌ನಲ್ಲಿ ರೈಲು ಹತ್ತಿ, ಮ್ಯಾಲೋನಲ್ಲಿ ಬದಲಾಯಿಸಿ, ಮೂರೂವರೆ ಗಂಟೆ ಒಳಗೆ ಕಿಲ್ಲಾರ್ನಿ. ಸ್ಟೇಷನ್ನಿಂದ ನಡ್ಕೊಂಡೇ ನ್ಯಾಷನಲ್ ಪಾರ್ಕ್ ಒಳಗೆ ಹೋಗಬಹುದು, ಕಥೀಡ್ರಲ್ ಎದುರಿಗೇ ಗೇಟು. ಇನ್ಯಾವ ಊರಲ್ಲಿದೆ ಈ ಸೌಲಭ್ಯ? ಐರ್ಲೆಂಡಿನ ಮೊದಲ್ನೇ ನ್ಯಾಷನಲ್ ಪಾರ್ಕ್ ಇದು, 1932ರಲ್ಲಿ ಮಕ್ರಾಸ್ ಎಸ್ಟೇಟನ್ನ ಆ ಮನೆಯವ್ರು ದೇಶಕ್ಕೆ ಬಿಟ್ಟುಕೊಟ್ರು, ಅಲ್ಲಿಂದ ಶುರು.

ಮೊದಲ ದಿನ ರಾಸ್ ಕ್ಯಾಸಲ್. ಲಾಕ್ ಲೀನ್ ಅನ್ನೋ ಲೇಕ್ ದಂಡೆ ಮೇಲಿದೆ, 15ನೇ ಶತಮಾನದ್ದು, ಓಡೊನಹ್ಯೂ ಮನೆತನದ ಕೋಟೆ. ಇಂಗ್ಲೆಂಡಿಂದ ದಂಡೆತ್ತಿ ಬಂದ ಕ್ರಾಮ್‌ವೆಲ್‌ನ ಸೈನ್ಯಕ್ಕೆ ಕೊನೇವರೆಗೂ ಬಗ್ಗದೆ ನಿಂತಿದ್ದ ಕೋಟೆಗಳಲ್ಲಿ ಇದೂ ಒಂದು, 1652ರಲ್ಲಿ ಶರಣಾಯ್ತು. ಯಾರು ಕೆಡವಿದ್ದು ಅಂತ ಅಪ್ಪ ಕೇಳೋ ಪ್ರಶ್ನೆಗೆ ಈ ದೇಶದಲ್ಲಿ ಅರ್ಧಕ್ಕರ್ಧ ಕಡೆ ಇದೇ ಹೆಸರು ಉತ್ತರ. ಕೋಟೆ ಪಕ್ಕದಿಂದಲೇ ಇನಿಸ್‌ಫಾಲನ್ ದ್ವೀಪಕ್ಕೆ ದೋಣಿ ಹೋಗುತ್ತೆ. ಅಲ್ಲಿನ ಸನ್ಯಾಸಿಗಳು ಶತಮಾನಗಟ್ಟಲೆ ವರ್ಷವರ್ಷದ ಘಟನೆ ಬರೆದಿಡ್ತಾ ಬಂದ್ರು, ಆ ಹಸ್ತಪ್ರತಿ ಈಗ ಆಕ್ಸ್‌ಫರ್ಡಲ್ಲಿದೆ. ಯಾವ ಕಾಲದ್ದು ಅಂತ ಕೇಳೋರಿಗೆ ಇದಕ್ಕಿಂತ ಇನ್ನೇನ್ ಬೇಕು.

ಎರಡನೇ ದಿನ ಮಕ್ರಾಸ್ ಲೇಕ್ ಸುತ್ತು. ಸುಮಾರು 10 ಕಿಲೋಮೀಟರ್, ಹೆಚ್ಚೂಕಡ್ಮೆ ಸಮತಟ್ಟು. ಪೂರ್ತಿ ಆಗ್ದಿದ್ರೆ ಮಕ್ರಾಸ್ ಅಬ್ಬೆ ಅನ್ನೋ ಹಳೇ ಮಠ, ಮಕ್ರಾಸ್ ಹೌಸ್, ಅಲ್ಲಿಂದ ಟಾರ್ಕ್ ಜಲಪಾತ, ಅಷ್ಟು ಸಾಕು. ಅಬ್ಬೆ 1448ರದ್ದು, ಫ್ರಾನ್ಸಿಸ್ಕನ್ ಸನ್ಯಾಸಿಗಳದ್ದು, ಛಾವಣಿ ಇಲ್ಲ, ನಡುವಿನ ಅಂಗಳದಲ್ಲಿ ದೊಡ್ಡ ಯೂ ಮರ ಒಂದಿದೆ, ಸುತ್ತ ಕಮಾನುಗಳ ಪಡಸಾಲೆ. ಮಳೆ ಬರೋವಾಗ ಆ ಪಡಸಾಲೇಲಿ ನಿಂತ್ಕೊಂಡ್ರೆ ಹೊರಗೆ ಬರೋಕೆ ಮನಸ್ಸಾಗಲ್ಲ.

ಕುಡ್ಲದ ಬೊಂಡ:
ಕುದುರೆ ಗಾಡಿ ಉಂಟಲ್ಲ ಅಲ್ಲಿ, ಅಮ್ಮನಿಗೆ ನಡೆಯಲಿಕ್ಕೆ ಆಗದಿದ್ರೆ ಅದರಲ್ಲಿ ಕೂರಿಸಿ ಮಾರಾಯ್ರೆ. ರೇಟು ಮಾತ್ರ ಹತ್ತುವ ಮೊದಲೇ ಕೇಳಿ. ಕೇಳದೆ ಹತ್ತಿದ ನಮ್ಮ ಭಾವ ಇವತ್ತಿಗೂ ಅದನ್ನು ಯೂರೋದಿಂದ ರುಪಾಯಿಗೆ ಕನ್ವರ್ಟ್ ಮಾಡ್ತಾ ಇದ್ದಾರೆ.

ಫಿಲ್ಟರ್ ಕಿಟ್ಟಿ:
ನಾನು ಸ್ವಲ್ಪ ಉಲ್ಟಾ ಮಾತಾಡ್ತೀನಿ, ಬೈಬೇಡಿ. ಹಂಪಿ, ಬೇಲೂರು, ಬಾದಾಮಿ ನೋಡಿ ಬೆಳೆದವ್ರಿಗೆ ಇಲ್ಲಿನ ಹಿಸ್ಟಾರಿಕ್ ಸೈಟ್ ಅಂದ್ರೆ ನಾಲ್ಕು ಮೊಂಡು ಗೋಡೆ, ಒಂದಷ್ಟು ಸಮಾಧಿ ಕಲ್ಲು. ನಮ್ಮಪ್ಪನ್ನ ಕರ್ಕೊಂಡು ಹೋದಾಗ ಸುತ್ತ ಒಂದ್ಸಲ ನೋಡಿ ಇಷ್ಟೇನಾ ಅಂದ್ರು. ಲೇಕ್ ತೋರ್ಸಿ, ಹಸಿರು ತೋರ್ಸಿ, ಇತಿಹಾಸದ ಆಸೆ ಹುಟ್ಟಿಸಬೇಡಿ.

ಇತಿಹಾಸದ ಹುಳ:
ಕಿಟ್ಟಿ, ಕೆತ್ತನೆ ಹುಡುಕ್ಕೊಂಡು ಹೋದ್ರೆ ನಿರಾಸೆನೇ. ಇಲ್ಲಿ ನೋಡೋ ಕ್ರಮ ಬೇರೆ. ಗ್ಲೆಂಡಲಾಕ್‌ನ ದುಂಡು ಗೋಪುರನೇ ತಗೊಳ್ಳಿ, ಸುಮಾರು 30 ಮೀಟರ್ ಎತ್ತರ, ಬಾಗಿಲು ನೆಲದಿಂದ ಮೂರೂವರೆ ಮೀಟರ್ ಮೇಲಿದೆ. ಮೇಷ್ಟ್ರನ್ನ ಅದರ ಕೆಳಗೆ ನಿಲ್ಲಿಸಿ ಸುಮ್ನಿರಿ, ಬಾಗಿಲು ಅಷ್ಟು ಮೇಲ್ಯಾಕೆ ಅಂತ ಅವ್ರೇ ಕೇಳ್ತಾರೆ. ವೈಕಿಂಗ್‌ಗಳು ಬಂದಾಗ ಏಣಿ ಎಳ್ಕೊಂಡು ಒಳಗೆ ಅಡಗೋಕೆ ಅಂತ ಎಲ್ಲಾ ಗೈಡ್‌ಗಳೂ ಹೇಳೋ ಕಥೆ. ಇನ್ನೊಂದು ಉತ್ತರ ಅಂದ್ರೆ ಅಡಿಪಾಯ ಆಳ ಇಲ್ಲ, ಬುಡದಲ್ಲೇ ಬಾಗಿಲು ತೆಗೆದ್ರೆ ಗೋಪುರ ದುರ್ಬಲ ಆಗುತ್ತೆ ಅನ್ನೋದು. ನಂಗೆ ಎರಡನೇದೇ ಸರಿ ಅನ್ಸುತ್ತೆ, ಯಾಕಂದ್ರೆ ಒಳಗೆ ಮರದ ಅಂತಸ್ತು ಇರೋ ಗೋಪುರದಲ್ಲಿ ಅಡಗಿದ್ರೆ ಕೆಳಗಿಂದ ಬೆಂಕಿ ಇಟ್ರೆ ಮುಗೀತು. ಮುಖ್ಯವಾಗಿ ಅದು ಗಂಟೆ ಬಾರಿಸೋ ಗೋಪುರ. ತುದಿಯ ಶಂಕುವಿನ ಛಾವಣಿ ಮಾತ್ರ 1876ರಲ್ಲಿ ಹಳೇ ಕಲ್ಲುಗಳನ್ನೇ ಬಳಸಿ ಮತ್ತೆ ಕಟ್ಟಿದ್ದು.

ಇನ್ನು ಮಠ ಕಟ್ಟಿದ ಕೆವಿನ್, 6ನೇ ಶತಮಾನದವ್ನು. ಕೈ ಚಾಚಿ ಪ್ರಾರ್ಥನೆ ಮಾಡ್ತಿದ್ದಾಗ ಅಂಗೈ ಮೇಲೆ ಹಕ್ಕಿ ಗೂಡು ಕಟ್ಟಿ ಮೊಟ್ಟೆ ಇಡ್ತಂತೆ, ಮರಿ ಹಾರಿಹೋಗೋ ತನಕ ಕೈ ಅಲ್ಲಾಡಿಸ್ಲಿಲ್ಲ ಅಂತ ಐತಿಹ್ಯ. ಮೈಮೇಲೆ ಬಳ್ಳಿ ಹಬ್ಬಿದ್ರೂ ನಿಂತೇ ಇದ್ದ ಬಾಹುಬಲಿಯನ್ನ ನೋಡಿದ ಮೇಷ್ಟ್ರಿಗೆ ಈ ಕಥೆ ಬಿಡಿಸಿ ಹೇಳಬೇಕಾ? ಅಪ್ಪರ್ ಲೇಕ್ ಹತ್ರ ರೀಫರ್ಟ್ ಚರ್ಚ್ ಅಂತ ಚಿಕ್ಕದೊಂದಿದೆ, ಕಾಡಿನೊಳಗೆ, ಜನ ಕಮ್ಮಿ. ಅಲ್ಲಿಗೆ ಖಂಡಿತ ಕರ್ಕೊಂಡು ಹೋಗಿ.

ಫಿಲ್ಟರ್ ಕಿಟ್ಟಿ:
ಹಕ್ಕಿ ಕಥೆ ಚೆನ್ನಾಗಿದೆ, ಒಪ್ಕೋತೀನಿ. ಸಮಾಧಿ ಕಲ್ಲಿನ ಬಗ್ಗೆ ನನ್ ಅಭಿಪ್ರಾಯ ಹಾಗೇ ಇದೆ.

ಲಿಮೆರಿಕ್ ಲಿಂಗಣ್ಣ:
ಯಾರೂ ಲಾಕ್ ಗರ್ ಹೆಸ್ರೇ ಹೇಳ್ಲಿಲ್ವಲ್ಲ! ಲಿಮೆರಿಕ್ ಊರಿಂದ ದಕ್ಷಿಣಕ್ಕೆ ಸುಮಾರು 20 ಕಿಲೋಮೀಟರ್. ಕಾರ್ ಬೇಕು. ಗ್ರೇಂಜ್ ಕಲ್ಲು ವೃತ್ತ ಅಂತ ಇದೆ, 113 ಕಲ್ಲು, ನಿಂತಿರೋ ಕಲ್ಲು ವೃತ್ತಗಳಲ್ಲಿ ಐರ್ಲೆಂಡಿಗೇ ದೊಡ್ಡದು. ರಸ್ತೆ ಪಕ್ಕ ಗೇಟು, ಹೊಲದ ಮಧ್ಯ ವೃತ್ತ, ಎಷ್ಟೋ ಸಲ ಹಸುಗಳು ಬಿಟ್ರೆ ಯಾರೂ ಇರಲ್ಲ. ಲೇಕ್ ದಂಡೇಲಿ ಚಿಕ್ಕ ನಡಿಗೆ ದಾರಿ, ಮ್ಯೂಸಿಯಂ, ಹತ್ರದಲ್ಲೇ ಕಲ್ಲು ಗೋರಿ. ಡೆಸ್ಮಂಡಿನ ಅರ್ಲ್ ಏಳು ವರ್ಷಕ್ಕೊಂದ್ಸಲ ಬೆಳ್ಳಿ ಲಾಳದ ಕುದುರೆ ಏರಿ ಲೇಕಿಂದ ಮೇಲೆ ಬರ್ತಾನೆ ಅಂತ ಜನ ಹೇಳ್ತಾರೆ, ಲಾಳ ಸವೆಯೋವರೆಗೂ ಅವನಿಗೆ ಬಿಡುಗಡೆ ಇಲ್ವಂತೆ.

ಚಾರಣಿಗ77:
ಸ್ಲೈಗೋ ಕಡೆ ಹೋದ್ರೆ ಕ್ಯಾರೊಕೀಲ್ ಮರೀಬೇಡಿ. ಲಾಕ್ ಆರೋ ಮೇಲಿನ ಗುಡ್ಡದ ಸಾಲಲ್ಲಿ ಕಲ್ಲುಗುಪ್ಪೆ ಗೋರಿಗಳು, ಈಜಿಪ್ಟಿನ ಪಿರಮಿಡ್‌ಗಿಂತ ಹಳೇವು. ಕೊನೇ ಕಾರ್ ಪಾರ್ಕಿಂದ ಸ್ವಲ್ಪ ಹತ್ಬೇಕು, ದಾರಿ ಮೊದಲು ಸುಲಭ ಆಮೇಲೆ ಕೆಸರು. ಒಂದು ಗೋರಿಗೆ ಬಾಗಿಲ ಮೇಲೆ ಕಿಂಡಿ ಇದೆ, ಬೇಸಿಗೆಯ ಅತಿ ಉದ್ದದ ದಿನದ ಆಸುಪಾಸು ಮುಳುಗೋ ಸೂರ್ಯನ ಬೆಳಕು ಒಳಗೆ ಬೀಳುತ್ತೆ. ನಿಮ್ಮಪ್ಪ ಅಮ್ಮ ಇರೋದು ಜೂನಲ್ಲೇ ತಾನೆ.

ಇತಿಹಾಸದ ಹುಳ:
ಹೋಗೋದಾದ್ರೆ ದಯವಿಟ್ಟು ಗೋರಿ ಮೇಲೆ ಹತ್ಬೇಡಿ, ಒಳಗೆ ನುಗ್ಗಿ ಗೀಚಬೇಡಿ. ಅಲ್ಲಿ ಕಲ್ಲಿನ ಮೇಲೆ ಹೆಸರು ಕೆತ್ತಿದ್ದನ್ನ ನೋಡಿದ್ರೆ ಹೊಟ್ಟೆ ಉರಿಯುತ್ತೆ.

ನಿದ್ದೆಗೆಟ್ಟ ನರ್ಸ್:
ಮತ್ತೆ ಹತ್ತಿಸೋಕೆ ಶುರು ಮಾಡಿದ್ರು ಚಾರಣಿಗರು.

ಡೊನೆಗಾಲ್ ದೊರೆ:
ನಂದೊಂದು ಓಟು ಡೊನೆಗಾಲ್‌ನ ಗ್ಲೆನ್‌ವೇ ನ್ಯಾಷನಲ್ ಪಾರ್ಕಿಗೆ. ದೂರ ಹೌದು, ಡೊನೆಗಾಲ್‌ಗೆ ರೈಲೂ ಇಲ್ಲ, ಬಾಡಿಗೆ ಕಾರಿನ ಎರಡು ದಿನ ಇಲ್ಲಿಗೇ ಖರ್ಚು ಮಾಡಿ. ವಿಸಿಟರ್ ಸೆಂಟರಿಂದ ಲೇಕ್ ಪಕ್ಕದಲ್ಲೇ ಕ್ಯಾಸಲ್‌ವರೆಗೆ ಮೂರೂವರೆ ನಾಲ್ಕು ಕಿಲೋಮೀಟರ್ ಸಮತಟ್ಟು ದಾರಿ, ಸಾಕಾದ್ರೆ ಶಟಲ್ ಬಸ್ ಇದೆ, ಅಮ್ಮ ಒಂದು ಕಡೆ ನಡೆದು ಇನ್ನೊಂದು ಕಡೆ ಬಸ್ಸಲ್ಲಿ ಬರಬಹುದು. ಮಂಡಿ ನೋವಿನೋರಿಗೆ ಇದಕ್ಕಿಂತ ಅನುಕೂಲ ನಾನು ನೋಡಿಲ್ಲ.

ಆದ್ರೆ ಕ್ಯಾಸಲ್ ಮುಂದೆ ಸೆಲ್ಫಿ ಹೊಡಿಯೋ ಮುಂಚೆ ಅಪ್ಪಂಗೆ ಈ ಕಥೆ ಹೇಳಿ. ಕಟ್ಟಿಸಿದ್ದು ಜಾನ್ ಜಾರ್ಜ್ ಅಡೇರ್ ಅನ್ನೋ ಜಮೀನ್ದಾರ. ಕ್ಯಾಸಲ್ ಕಟ್ಟೋ ಮೊದ್ಲು, 1861ರ ಏಪ್ರಿಲಲ್ಲಿ, ಡೆರಿವೇ ಕಡೆಯ ಒಕ್ಕಲುಗಳನ್ನ ಪೊಲೀಸ್ರನ್ನ ಇಟ್ಕೊಂಡು ಮನೆಯಿಂದ ಹೊರಗೆ ಹಾಕಿಸಿದ. 244 ಜನ, ಮಕ್ಕಳು ಮುದುಕ್ರು ಸೇರಿ. ತಿರುಗಿ ಬರಬಾರ್ದು ಅಂತ ಮನೆ ಚಾವಣಿ ಕಿತ್ತು ಹಾಕಿದ್ರು. ಅವನ ಮೇನೇಜರ್ ಕೊಲೆ ಆಗಿತ್ತು, ಅದಕ್ಕೆ ಇಡೀ ಊರ ಮೇಲೆ ಸೇಡು. ಕೆಲವ್ರು ಬಡವರ ವರ್ಕ್‌ಹೌಸ್ ಸೇರಿದ್ರು, ಹುಡುಗ ಹುಡುಗಿಯರು ಎಷ್ಟೋ ಜನ ಹಡಗು ಹತ್ತಿ ಆಸ್ಟ್ರೇಲಿಯಾಕ್ಕೆ ಹೋದ್ರು. ಆಮೇಲೆ ಎದ್ದಿದ್ದು ಈ ಚೆಂದದ ಕ್ಯಾಸಲ್. ಇಷ್ಟು ದೊಡ್ಡ ಕಣಿವೇಲಿ ಯಾಕೆ ಒಂದೂ ಮನೆ ಇಲ್ಲ, ಎಷ್ಟು ಪ್ರಶಾಂತ ಅಂತ ಟೂರಿಸ್ಟ್‌ಗಳು ಹೇಳೋದು ಕೇಳ್ದಾಗೆಲ್ಲಾ ನಂಗೆ ಒಂಥರಾ ಆಗುತ್ತೆ. ಪ್ರಶಾಂತ ಅಲ್ಲ ಅದು, ಖಾಲಿ ಮಾಡ್ಸಿದ್ದು.

ಸುಸ್ತಾದ ಮಗ:
ಇದು ಅಪ್ಪಂಗೆ ಪಕ್ಕಾ. ಇದನ್ನ ಕೇಳಿದ್ರೆ ಗಾರ್ಡನ್ ನೋಡೋಕೂ ಒಪ್ಪಲ್ಲ ಅನ್ಸುತ್ತೆ, ಗೇಟಲ್ಲೇ ಅಡೇರ್‌ಗೆ ಕ್ಲಾಸ್ ತಗೋತಾರೆ.

ಕುಡ್ಲದ ಬೊಂಡ:
ಗ್ಲೆನ್‌ವೇ ಚಂದ ಉಂಟು, ಸುಳ್ಳಲ್ಲ. ಆದ್ರೆ ಮಿಡ್ಜಸ್, ಕಚ್ಚುವ ಸಣ್ಣ ನೊಣಗಳು! ಜೂನಲ್ಲಿ ಗಾಳಿ ಇಲ್ಲದ ಸಂಜೆ ಲೇಕಿನ ಬದಿಯಲ್ಲಿ ನಿಂತ್ರೆ ಮುಖವೇ ಕಾಣುವುದಿಲ್ಲ, ಅಷ್ಟು ಮುತ್ತುತ್ತವೆ. ನಮ್ಮ ಚಾರ್ಮಾಡಿಯ ಇಂಬಳವಾದ್ರೂ ಕಾಲಿಗೆ, ಇದು ಕಣ್ಣು, ಮೂಗು, ಕಿವಿ. ಮುಖಕ್ಕೆ ಹಾಕುವ ಬಲೆ ಸಿಗ್ತದೆ ಅಂಗಡಿಯಲ್ಲಿ, ತಗೊಳ್ಳಿ. ಗಾಳಿ ಇದ್ರೆ ಏನೂ ಇಲ್ಲ.

ನಿದ್ದೆಗೆಟ್ಟ ನರ್ಸ್:
ಮಿಡ್ಜ್ ಕಡಿದ್ರೆ ಬರೀ ತುರಿಕೆ. ರಕ್ತ ಹೀರೋ ಉಣ್ಣೆ ಹುಳದ (ಟಿಕ್) ಮೇಲೆ ಕಣ್ಣಿಡಿ, ಜಿಂಕೆ ಇರೋ ಕಡೆ, ಬ್ರಾಕನ್ ಜರಿಗಿಡ, ಎತ್ತರದ ಹುಲ್ಲು ಇರೋ ಕಡೆ ಇರುತ್ತೆ, ಲೈಮ್ ಕಾಯಿಲೆ ತರಬಲ್ಲದು. ಪ್ಯಾಂಟ್ ಸಾಕ್ಸ್ ಒಳಗೆ ತುರುಕಿ, ಮನೆಗೆ ಬಂದು ಮೈ ನೋಡ್ಕೊಳ್ಳಿ. ಕಚ್ಚಿಕೊಂಡಿದ್ರೆ ಚಿಮಟದಲ್ಲಿ ಚರ್ಮಕ್ಕೆ ಹತ್ತಿರ ಹಿಡಿದು ನೇರ ಎಳೀರಿ. ಎಣ್ಣೆ ಹಚ್ಚೋದು, ಬೆಂಕಿಕಡ್ಡಿ ತಾಗಿಸೋದು ಬೇಡ. ವಾರಗಳಲ್ಲಿ ಆ ಜಾಗದ ಸುತ್ತ ಕೆಂಪು ಹರಡ್ತಾ ಹೋದ್ರೆ ಡಾಕ್ಟರ್ ಹತ್ರ ಹೋಗಿ. ಊರಿಗೆ ವಾಪಸ್ ಹೋದ್ಮೇಲೆ ಕಾಣಿಸ್ಕೊಂಡ್ರೂ ಐರ್ಲೆಂಡಲ್ಲಿ ಕಾಡಲ್ಲಿ ಓಡಾಡಿದ್ದೆ ಅಂತ ಅಲ್ಲಿನ ಡಾಕ್ಟರಿಗೆ ಹೇಳೋಕೆ ಹೇಳಿ, ಇಲ್ದಿದ್ರೆ ಅವ್ರಿಗೆ ಹೊಳೆಯಲ್ಲ.

ಹೊಸಬ ಹನುಮ:
ವಿಕ್ಲೋದ ಲಾಕ್ ಟೇ ಹೇಳಿ ಯಾರಾದ್ರೂ! ಗಿನ್ನೆಸ್ ಲೇಕ್ ಅಂತಾರಲ್ಲ, ಗಿನ್ನೆಸ್ ಬಿಯರ್ ಥರ ಕಪ್ಪು ನೀರು, ತುದೀಲಿ ನೊರೆ ಥರ ಬಿಳಿ ಮರಳು. ಕೆಳಗೆ ಇಳಿದು ಮರಳಲ್ಲಿ ಕೂತ್ರೆ ಸೂಪರ್ ಫೋಟೋ ಬರುತ್ತೆ.

ಧಾರವಾಡದಾಂವ:
ತಮ್ಮಾ, ಅದು ಖಾಸಗಿ ಎಸ್ಟೇಟ್. ರಸ್ತೆ ಮ್ಯಾಲಿಂದ ನೋಡ್ಬೇಕು, ಕೆಳಗ ಇಳಿಯಾಕ ಬರೂದಿಲ್ಲ.

ಹೊಸಬ ಹನುಮ:
ಗೇಟ್ ಹಾರಿ ಹೋಗೋರು ಬೇಕಾದಷ್ಟು ಜನ ಇದಾರೆ ಅಣ್ಣಾ. ನೇಚರ್ ಎಲ್ರದ್ದು.

ಕಾರ್ಕ್ ಕಾಫಿ:
ಹನುಮ, ಇದೇ ಆ್ಯಟಿಟ್ಯೂಡ್‌ನಿಂದ ಎಷ್ಟೋ ದಾರಿ ಮುಚ್ಚಿವೆ. ಸ್ಕಾಟ್ಲೆಂಡಲ್ಲಿ 2003ರ ಕಾನೂನು ಬಂದ್ಮೇಲೆ ಜವಾಬ್ದಾರಿಯಿಂದ ನಡ್ಕೊಂಡ್ರೆ ಹೆಚ್ಚಿನ ಕಡೆ ಓಡಾಡೋ ಹಕ್ಕಿದೆ. ಐರ್ಲೆಂಡಲ್ಲಿ ಅಂಥ ಹಕ್ಕಿಲ್ಲ. ಬೆಟ್ಟ, ಲೇಕ್ ದಂಡೆ, ಕಲ್ಲು ವೃತ್ತ ಎಷ್ಟೋ ಯಾರದ್ದೋ ಜಮೀನಲ್ಲಿವೆ, ರೈತ ಸುಮ್ನಿದಾನೆ ಅಂತ ನಾವು ಹೋಗ್ತಿದೀವಿ ಅಷ್ಟೇ. ಒಬ್ಬ ಗೇಟ್ ತೆರೆದಿಟ್ಟು ಹೋದ, ಇನ್ನೊಬ್ಬನ ನಾಯಿ ಕುರಿಮರಿ ಅಟ್ಟಿಸ್ಕೊಂಡು ಹೋಯ್ತು, ಮಾರನೇ ದಿನ ಬೋರ್ಡ್ ಬೀಳುತ್ತೆ. ನಿಮ್ಮೂರಲ್ಲಿ ನಿಮ್ಮಪ್ಪನ ಅಡಿಕೆ ತೋಟದೊಳಗೆ ನೇಚರ್ ಎಲ್ರದ್ದು ಅಂತ ಯಾರಾದ್ರೂ ಚಾಪೆ ಹಾಸಿದ್ರೆ ಏನ್ ಮಾಡ್ತೀರಿ?

ಹೊಸಬ ಹನುಮ:
ನಮ್ದು ಅಡಿಕೆ ತೋಟ ಇಲ್ಲ, ರಾಗಿ ಹೊಲ 😄 ಆದ್ರೂ ಪಾಯಿಂಟ್ ಸರಿ.

ಗಾಲ್ವೇ ಗೌಡ:
ಗೇಟ್ ವಿಚಾರದಲ್ಲಿ ಒಂದೇ ನಿಯಮ, ಹೇಗಿತ್ತೋ ಹಾಗೇ ಬಿಡಿ. ತೆರೆದಿದ್ರೆ ತೆರೆದೇ, ಮುಚ್ಚಿದ್ರೆ ಮುಚ್ಚಿ. ಮತ್ತೆ ಜೂನಲ್ಲಿ ಕಿಲ್ಲಾರ್ನಿಯಲ್ಲಿ ನೇರಳೆ ಹೂವಿನ ರೋಡೋಡೆಂಡ್ರನ್ ಕಾಣುತ್ತೆ, ಅಮ್ಮ ಖುಷಿ ಪಡ್ತಾರೆ. ಪಡ್ಲಿ. ಆದ್ರೆ ಪಾರ್ಕಿನವ್ರು ವರ್ಷಗಟ್ಟಲೆ ಅದನ್ನೇ ಕಡಿದು ಕಡಿದು ಸುಸ್ತಾಗಿದಾರೆ, ಹೊರಗಿಂದ ತಂದ ಗಿಡ, ಅದರ ಕೆಳಗೆ ಬೆಳಕೇ ಬೀಳಲ್ಲ, ಓಕ್ ಸಸಿ ಮೇಲೆ ಏಳಲ್ಲ. ರೆಂಬೆ ಮುರ್ಕೊಂಡು ಬಂದು ಮನೇಲಿ ನೆಡೋ ಯೋಚ್ನೆ ಮಾತ್ರ ಬೇಡ, ನಮ್ಮಮ್ಮಂದಿರ ಬುದ್ಧಿ ಗೊತ್ತಲ್ಲ, ಹ್ಯಾಂಡ್‌ಬ್ಯಾಗ್‌ನಲ್ಲಿ ಗಿಡ.

ಸುಸ್ತಾದ ಮಗ:
ಹ್ಹಹ್ಹ ಕಳೆದ್ಸಲ ಊಟಿಯಿಂದ ತಂದಿದ್ದು ನೆನಪಾಯ್ತು. ಊಟದ ಕಥೆ ಏನು? ಇಬ್ಬರೂ ಶುದ್ಧ ವೆಜ್, ಮೊಟ್ಟೆನೂ ಇಲ್ಲ.

ನಿದ್ದೆಗೆಟ್ಟ ನರ್ಸ್:
ಡಬ್ಬಿ ಕಟ್ಕೊಳ್ಳಿ. ಪುಳಿಯೋಗರೆ, ಚಪಾತಿ ಪಲ್ಯ, ಫ್ಲಾಸ್ಕಲ್ಲಿ ಕಾಫಿ. ಕೆಫೆಗಳಲ್ಲಿ ತರಕಾರಿ ಸೂಪ್, ಬ್ರೆಡ್ಡು ಸಿಗುತ್ತೆ, ಆದ್ರೆ ಸೂಪಿಗೆ ಚಿಕನ್ ಸ್ಟಾಕ್ ಹಾಕಿದೀರಾ ಅಂತ ಕೇಳಿ. ಸ್ಕೋನ್‌ಗೆ ಮೊಟ್ಟೆ ಹಾಕಿರ್ತಾರೆ ಎಷ್ಟೋ ಕಡೆ. ಉಳಿದಿದ್ದನ್ನ ಜಿಂಕೆಗೆ ಹಾಕೋ ಪುಣ್ಯದ ಕೆಲ್ಸ ಬೇಡ ಅಂತ ಅಮ್ಮಂಗೆ ಮೊದ್ಲೇ ಹೇಳಿ.

ಫಿಲ್ಟರ್ ಕಿಟ್ಟಿ:
ಛತ್ರಿ ತರಬೇಡಿ, ಗಾಳಿಗೆ ಉಲ್ಟಾ ಆಗುತ್ತೆ. ಇಬ್ಬರಿಗೂ ಒಳ್ಳೇ ರೇನ್ ಜಾಕೆಟ್ ಕೊಡ್ಸಿ. ಊರಿಂದ ಬರೋವಾಗ ಅಪ್ಪ ಚಪ್ಪಲಿಯಲ್ಲೇ ಸಾಕು ಅಂತಾರೆ, ಕೇಳಬೇಡಿ.

ಚಾರಣಿಗ77:
ಇದಕ್ಕೆ ನಂದೂ ಸಹಿ. ಎತ್ತರಕ್ಕೆ ಹೋಗೋರಿಗೆ ಇನ್ನೊಂದು ಮಾತು. ಏನಾದ್ರೂ ಆದ್ರೆ 112 ಅಥವಾ 999ಕ್ಕೆ ಫೋನ್ ಮಾಡಿ ಮೌಂಟನ್ ರೆಸ್ಕ್ಯೂ ಅಂತ ಕೇಳ್ಬೇಕು. ಬರೋರು ಎಲ್ಲಾ ವಾಲಂಟಿಯರ್ಸು, ಕೆಲ್ಸ ಬಿಟ್ಟು, ಊಟ ಬಿಟ್ಟು ಬರ್ತಾರೆ. ರೀಲ್ಸ್ ನೋಡಿ ಜೀನ್ಸ್ ಹಾಕ್ಕೊಂಡು ವಾಟರ್‌ಫರ್ಡ್ ಕಡೆಯ ಕೂಮ್‌ಶಿಂಗಾನ್ ಲೇಕ್ ಸುತ್ತು ಹೋಗೋರನ್ನ ಕಂಡ್ರೆ ನಂಗೇ ಭಯ ಆಗುತ್ತೆ, ಲೇಕ್ ಸುತ್ತ ಕಡಿದಾದ ಬಂಡೆ ಅಂಚು, ಮಂಜು ಕವಿದ್ರೆ ಮುಂದಿನ ಹೆಜ್ಜೆ ಕಾಣಲ್ಲ. ಬೇಕಾದ್ರೆ ಕಾರ್ ಪಾರ್ಕಿಂದ ಲೇಕ್‌ವರೆಗೆ ಮಾತ್ರ ಹೋಗಿ ಬನ್ನಿ.

ಗಾಲ್ವೇ ಗೌಡ:
ಕನೆಮಾರಾ ಕಡೆ ಬರೋರು ಬ್ಯಾಲಿನಹಿಂಚ್ ಕ್ಯಾಸಲ್ ನೋಡಿ, ಈಗ ಹೋಟೆಲು, ನದಿ ಪಕ್ಕ, ಕಾಡಿನೊಳಗೆ ನಡಿಗೆ ದಾರಿಗಳಿವೆ. 1920ರ ದಶಕದಲ್ಲಿ ಇದನ್ನ ಕೊಂಡಿದ್ದು ಯಾರು ಗೊತ್ತಾ? ನಮ್ಮ ರಣಜಿತ್ ಸಿಂಗ್‌ಜಿ, ನವಾನಗರದ ಜಾಮ್ ಸಾಹೇಬ್. ಸಾಲ್ಮನ್ ಮೀನು ಹಿಡಿಯೋ ಹುಚ್ಚು ಅವ್ರಿಗೆ.

ಧಾರವಾಡದಾಂವ:
ರಣಜಿ ಟ್ರೋಫಿ ರಣಜಿ ಏನ್ರೀ?

ಗಾಲ್ವೇ ಗೌಡ:
ಅವ್ರೇ ಸರ್.

ಧಾರವಾಡದಾಂವ:
ಇಷ್ಟ್ ವರ್ಷ ಇಲ್ಲೇ ಇದ್ದೂ ಗೊತ್ತಿದ್ದಿಲ್ಲ ನೋಡ್ರಿ. ಅವ್ರು ಇಂಗ್ಲೆಂಡ್ ಪರವಾಗೇ ಟೆಸ್ಟ್ ಆಡ್ಯಾರ, ಭಾರತದ ಪರವಾಗಿ ಒಂದೂ ಆಡಿಲ್ಲ, ಆದ್ರ ಟ್ರೋಫಿ ಮಾತ್ರ ನಮಗ.

ಫಿಲ್ಟರ್ ಕಿಟ್ಟಿ:
ಆ ಟ್ರೋಫಿ ಗೆಲ್ಲೋದ್ರಲ್ಲಿ ಮುಂಬೈ ಬಿಟ್ರೆ ನಮ್ಮೋರೇ ಮುಂದು. ಮೈಸೂರು ಅಂತ ಆಡ್ತಿದ್ದಾಗ 1941-42ರಲ್ಲೇ ಫೈನಲ್ ಮುಟ್ಟಿದ್ರು.

ನಿದ್ದೆಗೆಟ್ಟ ನರ್ಸ್:
ಲೇಕಿಂದ ಕ್ರಿಕೆಟ್ಟಿಗೆ ಬಂತು ಗಾಡಿ. ಪ್ರಶ್ನೆ ಕೇಳಿದ ಮಗರಾಯ್ರೇ, ಕೊನೆಗೆ ಏನ್ ಡಿಸೈಡ್ ಮಾಡಿದ್ರಿ?

ಸುಸ್ತಾದ ಮಗ:
ವಾರದ ನಡುವೆ ಒಂದಿನ ಗ್ಲೆಂಡಲಾಕ್, ಕೆಳಗಿನ ದಾರಿ, ಬಸ್ಸಲ್ಲಿ. ಕಿಲ್ಲಾರ್ನಿಗೆ ರೈಲಲ್ಲಿ ಹೋಗಿ ಎರಡು ರಾತ್ರಿ ಅಲ್ಲೇ ಉಳ್ಕೊಳ್ಳೋದು. ಕಾರ್ ತಗೊಂಡು ಗ್ಲೆನ್‌ವೇ. ಲಾಕ್ ಗರ್ ಬಿಡೋಕೆ ಮನಸ್ಸಿಲ್ಲ, ಲಿಂಗಣ್ಣ, ಲಿಮೆರಿಕ್ ಸ್ಟೇಷನ್ನಿಂದ ಅಲ್ಲಿಗೆ ಟ್ಯಾಕ್ಸಿ ಸಿಗುತ್ತಾ?

ಲಿಮೆರಿಕ್ ಲಿಂಗಣ್ಣ:
ಟ್ಯಾಕ್ಸಿ ಸಿಗುತ್ತೆ, ಆದ್ರೆ ವಾಪಸ್ ಬರೋಕೆ ಅಲ್ಲಿಂದ ಸಿಗೋದು ಕಷ್ಟ, ಕಾಯೋಕೆ ಹೇಳಿದ್ರೆ ಮೀಟರ್ ಓಡ್ತಿರುತ್ತೆ. ಭಾನುವಾರ ಆದ್ರೆ ನಾನೇ ಕರ್ಕೊಂಡು ಹೋಗ್ತೀನಿ, ಮೆಸೇಜ್ ಹಾಕಿ. ಊರಿಂದ ಬರೋವಾಗ ಒಂದು ಪ್ಯಾಕೆಟ್ ಕೋಡುಬಳೆ ತಂದ್ರೆ ಬೇಡ ಅನ್ನಲ್ಲ.

ಕುಡ್ಲದ ಬೊಂಡ:
ಡೊನೆಗಾಲಿಗೆ ನಾನೂ ಡ್ರೈವ್ ಮಾಡ್ತೇನೆ, ನನಗೂ ಕೋಡುಬಳೆ ಬೇಕು.